ಪೈಪಿನೊಳಗಿನ ನೀರು

ಮೊದಲು ಕಾಡಿದ್ದು ಸದ್ದು. ಪೈಪಿಗೆ ತಂಬಾಕು ತುಂಬಿ, ಹೊತ್ತಿಸಿ, ಹದವಾಗಿ ಸೇದುತ್ತಾ ಕೂತರೆ ಸ್ವಲ್ಪ ಹೊತ್ತು ಎಲ್ಲ ಸರಿ. ತಂಬಾಕು ಉರಿಯುವ ಬಟ್ಟಲು, ಅಂದರೆ ಬೌಲ್, ಅರ್ಧಕ್ಕೆ ಇಳಿಯುವಷ್ಟರಲ್ಲಿ ಒಳಗೆಲ್ಲೋ ಗೊಳಗೊಳ ಶುರು. ಕೇಳಿಸಿಯೂ ಕೇಳಿಸದವನಂತೆ ಇನ್ನೆರಡು ದಮ್ಮು ಎಳೆದರೆ ಕಂದು ಬಣ್ಣದ ಕಹಿನೀರು ನೇರ ನಾಲಿಗೆಗೆ. ಆ ರುಚಿ ಒಮ್ಮೆ ಬಾಯಿಗೆ ಹತ್ತಿದರೆ ಎಷ್ಟು ಉಗಿದರೂ ಹೋಗದು. ಅದರ ಹಿಂದೆಯೇ ಉಳಿದ ಕಾಟಗಳೂ ಸಾಲಾಗಿ ಬಂದವು: ಪದೇ ಪದೇ ಆರಿಹೋಗುವುದು, ನಾಲಿಗೆ ಉರಿ, ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗುವ ಬೌಲ್, ತಳದಲ್ಲಿ ಸುಡದೆ ಉಳಿಯುವ ಒದ್ದೆ ಮುದ್ದೆ. ಒಂದೊಂದಕ್ಕೂ ಒಂದೊಂದು ಮದ್ದು ಹುಡುಕುತ್ತಾ ಹೋದವನಿಗೆ ಕೊನೆಗೆ ಸಿಕ್ಕಿದ್ದು ಹೆಚ್ಚುಕಮ್ಮಿ ಒಂದೇ ಕಾರಣ. ನೀರು.

ಈ ನೀರು ಎಲ್ಲಿಂದ ಬರುತ್ತದೆ? ಕೇಳಿದವರೆಲ್ಲ ಜೊಲ್ಲಿನ ಮೇಲೆ ಗೂಬೆ ಕೂರಿಸುತ್ತಾರೆ. ಜೊಲ್ಲಿನ ಪಾಲೂ ಇದೆ, ಇಲ್ಲವೆನ್ನುವುದಿಲ್ಲ; ಪೈಪನ್ನು ಹಲ್ಲಿನಲ್ಲೇ ಕಚ್ಚಿಕೊಂಡು ಕೂರುವವರಿಗೆ ಅದು ಬಾಯಿಗಿಡುವ ಕೊಳವೆಯಾದ ಸ್ಟೆಮ್‌ನೊಳಗೆ ಇಳಿಯುತ್ತದೆ. ಆದರೆ ಹೆಚ್ಚಿನದು ತಂಬಾಕಿನದ್ದೇ. ಎಲೆಯೊಳಗಿನ ತೇವ ಕೆಂಡದ ಬಿಸಿಗೆ ಆವಿಯಾಗುತ್ತದೆ. ಅದು ಸಾಲದೆಂಬಂತೆ ಎಲೆಯಲ್ಲಿರುವ ಹೈಡ್ರೋಜನ್ ಉರಿಯುವಾಗಲೂ ನೀರು ಹುಟ್ಟುತ್ತದೆ. ಅಂದರೆ ಗರಿಗರಿಯಾಗಿ ಒಣಗಿದ ಸೊಪ್ಪು ಸುಟ್ಟರೂ ಒಂದಿಷ್ಟು ಆವಿ ಬಂದೇ ಬರುತ್ತದೆ. ಆ ಆವಿ ಬೌಲ್ ದಾಟಿ ಪೈಪಿನ ಮರದ ಕತ್ತಿನೊಳಗೆ ಬಂದು ತಣ್ಣಗಾದಾಗ ಹನಿಗಟ್ಟುತ್ತದೆ. ಹೊಗೆಯ ಜೊತೆ ಬಂದ ಟಾರು, ನಿಕೋಟಿನ್ ಎಲ್ಲ ಆ ಹನಿಗೆ ಸೇರಿಕೊಂಡು ಕಂದು ಬಣ್ಣ, ಆ ಕೆಟ್ಟ ಕಹಿ.

ಹಾಗಾದರೆ ತಪ್ಪು ತಂಬಾಕಿನದ್ದೋ, ಪೈಪಿನದ್ದೋ, ಸೇದುವವನದ್ದೋ? ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಏನೂ ತಿಳಿಯುವುದಿಲ್ಲ. ಅದಕ್ಕೆ ಒಂದು ಮೆಕ್ಕೆಜೋಳದ ದಿಂಡಿನ ಪೈಪ್ ತಂದುಕೊಂಡೆ. ಅಮೆರಿಕದ ಮಿಸೌರಿಯ ವಾಷಿಂಗ್ಟನ್ ಎಂಬ ಸಣ್ಣ ಊರಿನಲ್ಲಿ 1869ರಿಂದ ಇವನ್ನು ಮಾಡುತ್ತಿದ್ದಾರೆ. ನೋಡಲು ಆಟದ ಸಾಮಾನು, ಕೆಲಸದಲ್ಲಿ ಮಾತ್ರ ಗಟ್ಟಿಗ. ದಿಂಡು ತೇವ ಹೀರಿಕೊಳ್ಳುತ್ತದೆ, ಬ್ರೈಯರ್ ಎಂಬ ಗಟ್ಟಿ ಮರದ ಹೊಸ ಪೈಪಿನಂತೆ ಪಳಗಿಸುವ ಗೊಡವೆಯೂ ಇಲ್ಲ. ಅದೇ ಡಬ್ಬಿಯ ತಂಬಾಕು, ಅದೇ ಕೈ, ಪೈಪ್ ಮಾತ್ರ ಬೇರೆ. ಸದ್ದು ಕಡಿಮೆಯಾಯಿತು, ಆದರೆ ಆರಿಹೋಗುವುದು ನಿಲ್ಲಲಿಲ್ಲ, ತಳದ ಮುದ್ದೆಯೂ ಹಾಗೇ ಉಳಿಯಿತು. ಅಲ್ಲಿಗೆ ತಂಬಾಕು ಒದ್ದೆ ಎನ್ನುವುದು ಖಾತ್ರಿಯಾಯಿತು. ಆಮೇಲೆ ಅದೇ ತಂಬಾಕನ್ನು ಒಣಗಿಸಿ ನನ್ನ ಮೊದಲಿನ ಬ್ರೈಯರ್‌ನಲ್ಲಿ ಸೇದಿದೆ. ಉರಿ ಚೆನ್ನಾಗಿ ನಿಂತಿತು, ಆದರೂ ಕೊನೆಯ ಕಾಲು ಭಾಗದಲ್ಲಿ ಸಣ್ಣಗೆ ಗೊಳಗೊಳ. ಅಂದರೆ ಪೈಪೂ ಸಾಚಾ ಅಲ್ಲ.

ತಂಬಾಕನ್ನು ಮೊದಲು ನೋಡೋಣ. ಡಬ್ಬಿಯಲ್ಲಿ ಬರುವ ತಂಬಾಕು ಸಾಮಾನ್ಯವಾಗಿ ಸೇದುವ ಹದಕ್ಕಿಂತ ಒದ್ದೆಯಾಗೇ ಇರುತ್ತದೆ. ಒಣಗಿದ ಎಲೆ ಪುಡಿಯಾಗಿ ಸುವಾಸನೆ ಕಳೆದುಕೊಳ್ಳುತ್ತದೆ, ಹಾಗಾಗಿ ತಯಾರಕರು ತೇವ ಉಳಿಸಿಯೇ ಮುಚ್ಚುತ್ತಾರೆ. ವೆನಿಲ್ಲಾ, ಚೆರ್ರಿ ಘಮದ ಅರೋಮ್ಯಾಟಿಕ್‌ಗಳಿಗೆ ಇನ್ನೊಂದು ಕಾಟ. ಅವುಗಳಲ್ಲಿ ಹಲವಕ್ಕೆ ಪ್ರೊಪಿಲೀನ್ ಗ್ಲೈಕಾಲ್ ಹಾಕಿರುತ್ತಾರೆ. ಅದು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಎಷ್ಟು ಹೊತ್ತು ಹರವಿಟ್ಟರೂ ಎಲೆ ಮುಟ್ಟಿದರೆ ಅಂಟಂಟೇ. ಅಂಥದ್ದನ್ನು ಒಣಗಿಸುವ ಹಠ ಬಿಟ್ಟಿದ್ದೇನೆ. ಸೇದಲೇಬೇಕೆನಿಸಿದರೆ ದಿಂಡಿನ ಪೈಪಿಗೆ ಸಡಿಲವಾಗಿ ತುಂಬುತ್ತೇನೆ. ಡಬ್ಬಿ ತೆರೆದ ಕೂಡಲೇ ಮೂಗಿಗೆ ಅಡರುವ ಘಮ ನಾಲಿಗೆಗೆ ಅರ್ಧವೂ ಬರುವುದಿಲ್ಲ ಎನ್ನುವುದು ಬೇರೆ ಮಾತು.

ಉಳಿದವಕ್ಕೆ ಬೆರಳೇ ಅಳತೆ. ಒಂದು ಚಿಟಿಕೆ ತಂಬಾಕನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಬಿಡಿ. ಒತ್ತಿದ ಹಾಗೆಯೇ ಬಿಲ್ಲೆಯಾಗಿ ಉಳಿದರೆ ಒದ್ದೆ. ಚಟಪಟ ಮುರಿದು ಪುಡಿಯಾದರೆ ಒಣಗಿದ್ದು ಹೆಚ್ಚಾಯಿತು. ಒತ್ತಿದ್ದು ನಿಧಾನಕ್ಕೆ ಬಿಚ್ಚಿಕೊಳ್ಳುತ್ತಾ, ಮುಟ್ಟಿದರೆ ತಂಪು ಎನಿಸದೆ, ತುದಿಗಳು ಮಾತ್ರ ಸ್ವಲ್ಪ ಗರಿಗರಿಯಾಗಿದ್ದರೆ ಹದ ಬಂತು. ನಾನು ಒಂದು ಸಲಕ್ಕೆ ಬೇಕಾದಷ್ಟನ್ನು ಬಿಳಿ ಕಾಗದದ ಮೇಲೆ ತೆಳ್ಳಗೆ ಹರವಿಡುತ್ತೇನೆ. ಗಾಳಿ ಒಣಗಿದ್ದರೆ ಅರ್ಧ ಗಂಟೆ, ಇಲ್ಲದಿದ್ದರೆ ಒಂದೆರಡು ಗಂಟೆ. ಪಟ್ಟಿಪಟ್ಟಿಯಾಗಿ ಬರುವ ಫ್ಲೇಕ್ ತಂಬಾಕನ್ನು ಹಾಗೇ ಇಟ್ಟರೆ ಮೇಲು ಒಣಗಿ ಒಳಗೆ ಒದ್ದೆ ಉಳಿಯುತ್ತದೆ, ಅದಕ್ಕೆ ಅಂಗೈಯಲ್ಲಿ ಉಜ್ಜಿ ಎಳೆ ಬಿಡಿಸಿ ಹರವಬೇಕು. ಅವಸರವಿದ್ದವರು ಮೇಜಿನ ದೀಪದ ಬಿಸಿಗೆ ಹಿಡಿಯುತ್ತಾರೆ. ಮೈಕ್ರೋವೇವ್‌ನಲ್ಲಿಡುವವರೂ ಇದ್ದಾರೆ, ನನಗೆ ಆ ಧೈರ್ಯವಿಲ್ಲ. ಎಲೆಯ ಘಮವೆಲ್ಲ ಅದರೊಳಗೇ ಹೋಗಿಬಿಡುತ್ತದೆ.

ಇನ್ನು ಪೈಪ್. ತಣ್ಣಗಾದ ಮೇಲೆ ಸ್ಟೆಮ್ ಬಿಚ್ಚಿದೆ. ಬಿಸಿಯಿರುವಾಗ ಬಿಚ್ಚಬಾರದು, ಮರ ಮತ್ತು ಸ್ಟೆಮ್ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ, ಕತ್ತು ಸೀಳಿಬಿಡಬಹುದು, ಇಲ್ಲವೇ ಜೋಡಣೆ ಸಡಿಲವಾಗಿ ಆಮೇಲೆ ನಿಲ್ಲದೇ ಹೋಗಬಹುದು. ಸ್ಟೆಮ್‌ನ ತುದಿಯಲ್ಲಿ ಸಣ್ಣ ಕೊಳವೆಯಂಥ ಒಂದು ಭಾಗವಿರುತ್ತದೆ, ಟೆನನ್ ಅನ್ನುತ್ತಾರೆ. ಅದು ಮರದ ಕತ್ತಿನ ತೂತಿನೊಳಗೆ ಹೋಗಿ ತಳ ಮುಟ್ಟಿ ಕೂರಬೇಕು. ಕೂತಿದೆಯೋ ಇಲ್ಲವೋ ನೋಡಲು ಒಂದು ಬೆಂಕಿಕಡ್ಡಿ ಸಾಕು. ಕಡ್ಡಿಯನ್ನು ತೂತಿನೊಳಗೆ ತಳಕ್ಕೆ ತಾಗುವವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಉಗುರಿನಿಂದ ಗುರುತು ಮಾಡಿ, ತೆಗೆದು ಟೆನನ್ ಪಕ್ಕ ಹಿಡಿದೆ. ಗುರುತಿಗೂ ಟೆನನ್ ಉದ್ದಕ್ಕೂ ಸುಮಾರು ಮೂರು ಮಿಲಿಮೀಟರ್ ವ್ಯತ್ಯಾಸ. ಆ ಸಂದೇ ಗುಂಡಿ. ಹೊಗೆ ಕಿರಿದಾದ ತೂತಿನಿಂದ ಅಗಲವಾದ ಜಾಗಕ್ಕೆ ಬಂದು, ಸುಳಿಸುತ್ತಿ, ಮತ್ತೆ ಕಿರಿದಾದ ತೂತಿಗೆ ನುಗ್ಗುವಾಗ ತನ್ನ ನೀರನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಬ್ರೈಯರ್ ಎಷ್ಟೇ ಚೆಂದದ ನಾರು ತೋರಿಸಲಿ, ಹೊಳಪು ಕೊಟ್ಟವರು ಒಳಗಿನ ಮೂರು ಮಿಲಿಮೀಟರ್ ನೋಡಿರುವುದಿಲ್ಲ.

ಆ ಸಂದನ್ನು ತುಂಬಲು ಉಂಗುರ ಕೂರಿಸುವವರಿದ್ದಾರೆ. ನಾನು ಆ ಉಸಾಬರಿಗೆ ಹೋಗಲಿಲ್ಲ. ನೂಲು ಸುತ್ತಿದ ತಂತಿಯ ಪೈಪ್ ಕ್ಲೀನರ್ ಸಾಕಾಯಿತು. ಗೊಳಗೊಳ ಕೇಳಿದ ಕೂಡಲೇ, ಸ್ಟೆಮ್ ಬಿಚ್ಚದೆ, ಬಾಯಿಯ ಕಡೆಯಿಂದ ಕ್ಲೀನರ್ ತೂರಿಸಿ ಬೌಲ್‌ನ ತಳಕ್ಕೆ ತಾಗುವವರೆಗೆ ಇಳಿಸಿ, ಎರಡು ಕ್ಷಣ ಬಿಟ್ಟು ಎಳೆದರೆ ತುದಿಯೆಲ್ಲ ಕಂದಾಗಿ ತೊಯ್ದು ಬರುತ್ತದೆ. ಕ್ಲೀನರ್ ಒಂದೆಡೆ ಸಿಕ್ಕಿಕೊಂಡು ಒಳಗೆ ಹೋಗಲು ಒಪ್ಪದಿದ್ದರೆ ಬಲ ಹಾಕಬೇಡಿ, ಪೈಪನ್ನು ಸ್ವಲ್ಪ ತಿರುಗಿಸಿ ಮತ್ತೆ ತೂರಿಸಿ. ನೇರ ಪೈಪಿಗಿಂತ ಬಾಗಿದ ಪೈಪಿನಲ್ಲಿ ನೀರು ನಿಲ್ಲುವುದು ಹೆಚ್ಚು, ಅದರ ಬಾಗಿನಲ್ಲೇ ತಂಗುತ್ತದೆ. ಜೊತೆಗೆ ಕ್ಲೀನರ್ ಬಾಗಿನಲ್ಲಿ ಸಿಕ್ಕಿಕೊಳ್ಳುವುದೂ ಹೆಚ್ಚು. 9 ಮಿಲಿಮೀಟರ್ ಫಿಲ್ಟರ್ ಹಾಕುವ ಪೈಪ್‌ಗಳಲ್ಲಿ ತೇವವನ್ನು ಫಿಲ್ಟರೇ ಹೀರುತ್ತದೆ, ಆದರೆ ಫಿಲ್ಟರ್ ಇಲ್ಲದೆ ಸೇದಿದರೆ ಆ ಖಾಲಿ ಜಾಗವೇ ದೊಡ್ಡ ಗುಂಡಿ.

ಆರಿಹೋಗುವ ಕಾಟಕ್ಕೆ ಒದ್ದೆ ತಂಬಾಕು ಒಂದು ಕಾರಣವಾದರೆ ತುಂಬುವ ರೀತಿ ಇನ್ನೊಂದು. ಮೂರು ಸಲ ತುಂಬಬೇಕು, ಮೊದಲು ಮಗುವಿನ ಕೈಯಲ್ಲಿ ಒತ್ತಿದಂತೆ, ಆಮೇಲೆ ಹೆಂಗಸಿನ ಕೈ, ಕೊನೆಗೆ ಗಂಡಸಿನ ಕೈ ಅಂತ ಪೈಪ್ ಸೇದುವವರಲ್ಲಿ ಹಳೆಯ ಮಾತೊಂದಿದೆ. ಆ ಮಾತು ಹುಟ್ಟಿಸಿದವರು ದುಡಿದ ಹೆಂಗಸರ ಕೈ ಕಂಡಿರಲಿಕ್ಕಿಲ್ಲ. ಇರಲಿ, ಹೇಳುವುದು ಇಷ್ಟೇ: ಕೆಳಗೆ ಸಡಿಲ, ಮೇಲೆ ಬಿಗಿ. ತಂಬಾಕನ್ನು ಎಳೆಎಳೆಯಾಗಿ ಉದುರಿಸಿ ಬೌಲ್ ತುಂಬಿಸಿ ಅರ್ಧಕ್ಕೆ ಇಳಿಯುವಂತೆ ಮೆಲ್ಲಗೆ ಒತ್ತುವುದು, ಮತ್ತೆ ತುಂಬಿಸಿ ಮುಕ್ಕಾಲಿಗೆ, ಮತ್ತೆ ತುಂಬಿಸಿ ಅಂಚಿಗಿಂತ ಸ್ವಲ್ಪ ಕೆಳಗೆ. ಪ್ರತಿ ಸಲವೂ ಹೊತ್ತಿಸದೆ ಒಂದು ದಮ್ಮು ಎಳೆದು ನೋಡುವುದು ತುಂಬ ಮುಖ್ಯ. ಸ್ಟ್ರಾದಲ್ಲಿ ನೀರು ಹೀರಿದಷ್ಟೇ ಬಿಗಿ ಇರಬೇಕು. ಕೆನ್ನೆ ಒಳಸೇರುವಷ್ಟು ಬಿಗಿಯಾದರೆ ತಂಬಾಕು ಒತ್ತುವ ಟ್ಯಾಂಪರ್‌ನಲ್ಲಿ ಸರಿಮಾಡುವ ಆಸೆ ಬಿಟ್ಟು ಪೂರ್ತಿ ಸುರಿದು ಮತ್ತೆ ತುಂಬುವುದೇ ವಾಸಿ. ಒದ್ದೆ ತಂಬಾಕು ಉರಿಯುವಾಗ ಉಬ್ಬುತ್ತದೆ, ಮೊದಲೇ ಬಿಗಿಯಾಗಿದ್ದರೆ ದಾರಿ ಪೂರಾ ಮುಚ್ಚಿಹೋಗುತ್ತದೆ.

ಹೊತ್ತಿಸುವುದು ಎರಡು ಹಂತ. ಮೊದಲ ಉರಿ ಮೇಲ್ಮೈಯನ್ನು ಕರಿಯಾಗಿಸಲಷ್ಟೆ. ಕಡ್ಡಿಯನ್ನು ಸುತ್ತಲೂ ಆಡಿಸುತ್ತಾ ಸೇದಿದರೆ ಎಳೆಗಳು ಎದ್ದು ನಿಲ್ಲುತ್ತವೆ. ಅವನ್ನು ಟ್ಯಾಂಪರ್‌ನಿಂದ ಮೆಲ್ಲಗೆ ಮಟ್ಟಸ ಮಾಡಿ, ಆರಿದರೆ ಆರಲಿ ಅಂತ ಬಿಟ್ಟು, ಎರಡನೇ ಕಡ್ಡಿ ಗೀರಬೇಕು. ಆಗ ಹತ್ತಿದ ಉರಿ ಸಮನಾಗಿ ಹರಡುತ್ತದೆ. ಕಡ್ಡಿಯ ಮದ್ದು ಪೂರ್ತಿ ಉರಿದ ಮೇಲೆಯೇ ಹತ್ತಿರ ತರುವುದು, ಇಲ್ಲವಾದರೆ ಮೊದಲ ದಮ್ಮಿನಲ್ಲಿ ಗಂಧಕದ ವಾಸನೆ. ಬುಸ್ಸೆಂದು ನೀಲಿ ಜ್ವಾಲೆ ಉಗುಳುವ ಟಾರ್ಚ್ ಲೈಟರ್ ಮಾತ್ರ ಪೈಪಿನ ಹತ್ತಿರ ಸುಳಿಯಕೂಡದು. ಬೌಲ್‌ನ ಅಂಚೇ ಸುಟ್ಟುಹೋಗುತ್ತದೆ.

ಇಷ್ಟು ಮಾಡಿಯೂ ನಡುನಡುವೆ ಆರುತ್ತದೆ. ಆರಲಿ. ಪೈಪ್ ಆರದಂತೆ ಕಾಯುವುದೇ ಉಳಿದ ತೊಂದರೆಗಳ ತಾಯಿ. ಆರೀತೆಂಬ ಭಯಕ್ಕೆ ಬಿರಬಿರನೆ ಎಳೆದರೆ ಬೌಲ್ ಬಿಸಿಯೇರುತ್ತದೆ, ಆವಿ ಹೆಚ್ಚುತ್ತದೆ, ನೀರು ಹೆಚ್ಚುತ್ತದೆ, ನಾಲಿಗೆ ಬೇಯುತ್ತದೆ. ನಿಧಾನವಾಗಿ ಸೇದುವುದರಲ್ಲೇ ಅಂತರರಾಷ್ಟ್ರೀಯ ಸ್ಪರ್ಧೆಗಳು ನಡೆಯುತ್ತವೆ: ಎಲ್ಲರಿಗೂ 3 ಗ್ರಾಂ ತಂಬಾಕು, 2 ಬೆಂಕಿಕಡ್ಡಿ, ಹೊತ್ತಿಸಲು 1 ನಿಮಿಷ. ಆಮೇಲೆ ಯಾರ ಪೈಪ್ ಕೊನೆಯವರೆಗೆ ಜೀವ ಹಿಡಿದಿರುತ್ತದೋ ಅವರು ಗೆದ್ದಂತೆ. ಪಳಗಿದವರು ಆ 3 ಗ್ರಾಂನಲ್ಲಿ ಎರಡು ಗಂಟೆಗೂ ಮೀರಿ ಎಳೆಯುತ್ತಾರೆ. ನಮಗೆ ಆ ಪಂದ್ಯ ಬೇಡ, ಆದರೆ ಅಷ್ಟು ಸಣ್ಣ ಕೆಂಡವೂ ಬದುಕಿರುತ್ತದೆ ಎನ್ನುವುದು ಗೊತ್ತಿದ್ದರೆ ಅವಸರ ತಾನೇ ಇಳಿಯುತ್ತದೆ. ಬೌಲನ್ನು ಕೆನ್ನೆಗೆ ತಾಗಿಸಿ ನೋಡುವುದು ನನ್ನ ಅಳತೆ. ಇಟ್ಟುಕೊಳ್ಳಲಾಗದಷ್ಟು ಬಿಸಿಯೆನಿಸಿದರೆ ಪೈಪ್ ಕೆಳಗಿಡುತ್ತೇನೆ, ಕೆಂಡ ಸತ್ತರೆ ಬೂದಿ ಉದುರಿಸಿ ಮತ್ತೆ ಹೊತ್ತಿಸುತ್ತೇನೆ.

ನಾಲಿಗೆ ಉರಿಯ ವಿಷಯದಲ್ಲಿ ನೀರಿನ ಮೇಲೇ ಎಲ್ಲ ಹೊರಿಸಲಾಗದು. ಒಂದು ಉರಿ ಆವಿಯದು, ಬಿಸಿಯದು. ಒಣ ತಂಬಾಕು ಮತ್ತು ನಿಧಾನ ಅದನ್ನು ಬಹುಪಾಲು ತಗ್ಗಿಸಿದವು. ಇನ್ನೊಂದು ಹೊಗೆಯ ಗುಣದ್ದು. ವರ್ಜೀನಿಯಾ ಎಲೆಯಲ್ಲಿ ಸಕ್ಕರೆ ಹೆಚ್ಚು, ಗಡಿಬಿಡಿಯಲ್ಲಿ ಎಳೆದರೆ ಬಿಸಿಯಾಗಿ ಉರಿಯುತ್ತದೆ. ಬರ್ಲಿ ಎಂಬ ಇನ್ನೊಂದು ಬಗೆಯ ಎಲೆಯಲ್ಲಿ ಸಕ್ಕರೆ ತೀರ ಕಡಿಮೆ, ಅದರ ಹೊಗೆ ಕ್ಷಾರದ ಕಡೆಗೆ ವಾಲುತ್ತದೆ. ಕೆಲವರ ನಾಲಿಗೆಗೆ ಒಂದು ಆಗದು, ಕೆಲವರಿಗೆ ಇನ್ನೊಂದು. ನನಗೆ ಕಚ್ಚಿದ್ದು ವರ್ಜೀನಿಯಾ. ಅದನ್ನು ಬಿಟ್ಟು ಬರ್ಲಿ ಹೆಚ್ಚಿರುವ ಮಿಶ್ರಣಕ್ಕೆ ಬಂದೆ, ಉರಿ ಇಳಿಯಿತು. ನಾಲಿಗೆ ಒಮ್ಮೆ ಹುಣ್ಣಾದ ಮೇಲೆ ಯಾವ ತಂಬಾಕು ಬದಲಾಯಿಸಿದರೂ ಉರಿಯೇ. ಮಾಯುವವರೆಗೆ ಪೈಪ್ ಮುಟ್ಟದಿರುವುದೊಂದೇ ದಾರಿ.

ಇಲ್ಲೇ ಇನ್ನೊಂದು ಮಾತು. ಪೈಪಿನ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಬಾಯಲ್ಲೇ ಇಟ್ಟು ಬಿಡುತ್ತೇವೆ, ಹಾಗಾಗಿ ಅಪಾಯವಿಲ್ಲ ಅಂತ ಸೇದುವವರು ಸಮಾಧಾನ ಹೇಳಿಕೊಳ್ಳುತ್ತಾರೆ. ಅದು ನಿಜವಲ್ಲ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್‌ಗಳು ಪೈಪ್ ಸೇದುವವರಲ್ಲೂ ಹೆಚ್ಚು, ಶ್ವಾಸಕೋಶವೂ ಪಾರಾಗುವುದಿಲ್ಲ. ಎರಡು ಮೂರು ವಾರವಾದರೂ ಮಾಯದ ಹುಣ್ಣೋ ಬಿಳಿ ಮಚ್ಚೆಯೋ ಬಾಯಲ್ಲಿ ಕಂಡರೆ ಅದನ್ನು ನಾಲಿಗೆ ಉರಿ ಎಂದುಕೊಂಡು ತಂಬಾಕು ಬದಲಾಯಿಸುತ್ತಾ ಕೂರುವ ವಿಷಯವಲ್ಲ, ದಂತವೈದ್ಯರಿಗೆ ತೋರಿಸಬೇಕು. ಕ್ಷಾರದ ಹೊಗೆಯಿಂದ ನಿಕೋಟಿನ್ ಬಾಯಿಯ ತೆಳುಪೊರೆಯ ಮೂಲಕವೇ ರಕ್ತಕ್ಕೆ ಇಳಿಯುತ್ತದೆ, ಎದೆಗೆ ಎಳೆಯಬೇಕೆಂದಿಲ್ಲ. ಖಾಲಿ ಹೊಟ್ಟೆಯಲ್ಲಿ ಗಡಸು ತಂಬಾಕು ಸೇದಿದಾಗ ಮೊದಲು ಬಿಕ್ಕಳಿಕೆ, ಹಿಂದೆಯೇ ತಣ್ಣನೆ ಬೆವರು, ಹೊಟ್ಟೆ ತೊಳಸು, ತಲೆ ಗಿರ್ರೆನ್ನುವುದು ಬರುವುದು ಇದಕ್ಕೇ. ಬಿಕ್ಕಳಿಕೆ ಬಂದಾಗಲೇ ಪೈಪ್ ಕೆಳಗಿಟ್ಟು ಗಾಳಿಗೆ ಹೋಗಿ ಕೂತರೆ ಉಳಿದದ್ದು ತಪ್ಪುತ್ತದೆ.

ಬೌಲ್‌ನ ಒಳಗೋಡೆಗೆ ಕಟ್ಟುವ ಇದ್ದಿಲಿನ ಪದರ, ಕೇಕ್ ಅನ್ನುತ್ತಾರಲ್ಲ, ಅದರ ಬಗ್ಗೆ ಸೇದುವವರಲ್ಲಿ ಭಕ್ತಿ ಜಾಸ್ತಿ. ಬ್ರೈಯರ್‌ಗೆ ಸುಮಾರು ಒಂದೂವರೆ ಮಿಲಿಮೀಟರ್ ಪದರ ಒಳ್ಳೆಯದು, ಮರ ಸುಡದಂತೆ ಕಾಯುತ್ತದೆ, ಒಂದಿಷ್ಟು ತೇವ ಹೀರುತ್ತದೆ. ಅದಕ್ಕಿಂತ ದಪ್ಪವಾದರೆ ಬಿಸಿಗೆ ಹಿಗ್ಗಿ ಮರವನ್ನೇ ಸೀಳಬಹುದು, ರೀಮರ್‌ನಿಂದ ಕೆರೆದು ತೆಗೆಯಬೇಕು. ಹೊಸ ಪೈಪಿನ ತಳದವರೆಗೆ ಪದರ ಕಟ್ಟಬೇಕಾದರೆ ಮೊದಮೊದಲು ಅರ್ಧ ಬೌಲ್ ತುಂಬಿ ಕೊನೆಯವರೆಗೆ ಸೇದುವುದು ಒಳ್ಳೆಯದು. ಟರ್ಕಿಯ ಎಸ್ಕಿಶೆಹಿರ್ ಕಡೆಯಿಂದ ಬರುವ ಮೀರ್‌ಶಾಮ್ ಕಲ್ಲಿನ ಪೈಪಿಗೆ ಈ ಪದರ ಕಟ್ಟಲು ಬಿಡಲೇಬಾರದು.

ಪೈಪಿಗೆ ವಿಶ್ರಾಂತಿ ಬೇಕೆನ್ನುವುದೂ ನೀರಿನ ಲೆಕ್ಕವೇ. ಸೇದಿದ ಬ್ರೈಯರ್ ಒಳಗೊಳಗೇ ತೇವ ಹೀರಿಕೊಂಡಿರುತ್ತದೆ. ಬೂದಿ ಸುರಿದು, ಕ್ಲೀನರ್ ಓಡಿಸಿ, ಇನ್ನೊಂದು ಒಣ ಕ್ಲೀನರನ್ನು ಒಳಗೇ ಬಿಟ್ಟು, ಬೌಲ್ ಕೆಳಮುಖವಾಗಿ ಒಂದು ದಿನ ಒರಗಿಸಿಟ್ಟರೆ ಮರುದಿನ ರುಚಿಯಲ್ಲೇ ವ್ಯತ್ಯಾಸ ತಿಳಿಯುತ್ತದೆ. ಹಳೆಯ ಹೊಗೆಯ ವಾಸನೆ ಮರಕ್ಕೆ ಹಿಡಿದುಬಿಟ್ಟಿದ್ದರೆ ಮಾತ್ರ ಇಷ್ಟಕ್ಕೆ ಜಗ್ಗುವುದಿಲ್ಲ. ಕಟ್ಟಿಗೆ ಹೊಗೆಯಲ್ಲಿ ಹದಮಾಡಿದ ಲಟಾಕಿಯಾ ತಂಬಾಕು ಇದರಲ್ಲಿ ಎತ್ತಿದ ಕೈ, ಒಮ್ಮೆ ಹೊಕ್ಕರೆ ಆಮೇಲೆ ಏನು ಸೇದಿದರೂ ಅದೇ. ಬೌಲ್‌ಗೆ ಹತ್ತಿ ತುಂಬಿ, ಸುವಾಸನೆಯಿಲ್ಲದ ಗಡಸು ಮದ್ಯಸಾರ ಹನಿಸಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಹತ್ತಿ ಕಾಫಿಪುಡಿ ಬಣ್ಣಕ್ಕೆ ತಿರುಗಿತ್ತು. ಮದ್ಯಸಾರ ಹೊರಮೈಗೆ ತಾಗಿದರೆ ಬಣ್ಣ ಎದ್ದುಬರುತ್ತದೆ, ಎಚ್ಚರ. ಪೂರ್ತಿ ಆರಲು ಕೆಲವು ದಿನ ಬಿಡಬೇಕು. ವಲ್ಕನೈಟ್ ಎಂಬ ಗಟ್ಟಿ ರಬ್ಬರಿನ ಕಪ್ಪು ಸ್ಟೆಮ್ ಬಿಸಿಲಿಗೆ ಹಸಿರು ಮಿಶ್ರಿತ ಕಂದಾಗಿ ಕಹಿ ಬಿಡುವುದೂ ಇದೆ. ಅದು ರಬ್ಬರಿನೊಳಗಿನ ಗಂಧಕದ ಕೆಲಸ, ಮೇಲ್ಮೈ ಉಜ್ಜಿ ಹೊಳಪು ಕೊಟ್ಟು ನೆರಳಲ್ಲಿಟ್ಟರೆ ಆಯಿತು.

ಇಷ್ಟೆಲ್ಲ ಮಾಡಿದರೂ ದಾರಿಗೆ ಬಾರದ ಪೈಪ್ ಒಂದಿತ್ತು. ಬೇರೆಯವರು ಸೇದಿ ಬಿಟ್ಟದ್ದು, ಬಾಗು ಚೆಂದ, ತೂಕ ಹಗುರ. ಒಣ ತಂಬಾಕು, ಸಡಿಲ ತುಂಬಿಕೆ, ನಿಧಾನದ ದಮ್ಮು, ಏನು ಮಾಡಿದರೂ ತಳದಲ್ಲಿ ಒದ್ದೆ ಮುದ್ದೆ. ಕ್ಲೀನರ್ ತೂರಿಸಿ ಬೌಲ್‌ನೊಳಗೆ ಬೆಳಕು ಬಿಟ್ಟು ನೋಡಿದಾಗ ಗುಟ್ಟು ಬಯಲಾಯಿತು. ಕ್ಲೀನರ್‌ನ ತುದಿ ತಳಕ್ಕೆ ಹೊಂದಿಕೊಂಡು ಹೊರಬರುವ ಬದಲು ಗೋಡೆಯಲ್ಲಿ ನಾಲ್ಕೈದು ಮಿಲಿಮೀಟರ್ ಮೇಲೆ ಇಣುಕುತ್ತಿತ್ತು. ತೂತನ್ನು ಎತ್ತರದಲ್ಲಿ ಕೊರೆದುಬಿಟ್ಟಿದ್ದಾರೆ. ಅದರ ಕೆಳಗಿನ ತಂಬಾಕಿಗೆ ಗಾಳಿಯೇ ಹೋಗದು, ಅಲ್ಲಿ ಇಳಿದ ನೀರಿಗೆ ಹೊರಬರುವ ದಾರಿಯೂ ಇಲ್ಲ. ಸೇದುವವನ ಕೈಗುಣ ಇಲ್ಲಿ ನಡೆಯುವುದಿಲ್ಲ, ತಳವನ್ನೇ ಎತ್ತರಿಸಬೇಕು.

ಅದಕ್ಕೆ ಹಳಬರ ಉಪಾಯ ಸಿಗಾರಿನ ಬೂದಿ. ಬೂದಿಗೆ ಹನಿಹನಿ ನೀರು ಹಾಕಿ ಗಟ್ಟಿ ಕಲಸಿ, ತೂತು ಮುಚ್ಚದಂತೆ ಕ್ಲೀನರನ್ನು ಒಳಗೇ ಬಿಟ್ಟು, ಸಣ್ಣ ಚಮಚದ ಹಿಡಿಯಿಂದ ತಳಕ್ಕೆ ಒತ್ತಿ, ತೂತಿನ ಮಟ್ಟಕ್ಕೆ ಸಮ ಮಾಡಿದೆ. ಆರಿ ಗಟ್ಟಿಯಾಗುವವರೆಗೆ ಮುಟ್ಟಲಿಲ್ಲ. ಈಗ ಆ ಪೈಪ್ ಕೊನೆಯವರೆಗೆ ಉರಿದು ಬೂದು ಬಣ್ಣದ ಬೂದಿ ಉಳಿಸುತ್ತದೆ, ಗೊಳಗೊಳ ಮುಕ್ಕಾಲು ಪಾಲು ನಿಂತಿದೆ. ಒಂದು ಕಡೆ ಕ್ಲೀನರ್ ತಾಗಿ ತಾಗಿ ಬೂದಿಯ ಅಂಚು ಕಿತ್ತುಬಂದಿದೆ. ಇನ್ನೊಂದು ಸಿಗಾರಿನ ಬೂದಿ ಸಿಕ್ಕಾಗ ತೇಪೆ ಹಾಕಬೇಕು.